ಅಳಿವೆಯ ಹೊರಗೆ ಒಂದು ಗಂಟೆ

"ಸ್ವಾಮಿ, ಎರಡು ಊರುಗಳಿಂದ ಕರೆ ಬಂದಿದೆ. ಎರಡೂ ನಮ್ಮ ಮಠಗಳೇ. ಒಂದು ಚಿಕ್ಕದು, ಒಂದು ದೊಡ್ಡದು. ಎಲ್ಲಿಗೆ ಹೋದರೆ ನನಗೆ ಭಯವಿರುವುದಿಲ್ಲ?" ಎಂದು ಶಿಷ್ಯ ಕೇಳಿದ. ಮೂರು ದಿನಗಳಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರು ಹೇಳಿದರು:

ಒಬ್ಬ ಮೀನುಗಾರನಿದ್ದ. ಕಡಲೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ನಗಬೇಡ, ಅವನಪ್ಪ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಮೋಟಾರು ದೋಣಿ ಕೊಳ್ಳಲು ಅವನು ದೋಣಿ ಕಟ್ಟುವ ಒಬ್ಬ ಆಚಾರಿಯ ಬಳಿ ಹೋದ. ಅಲ್ಲಿ ಎರಡು ದೋಣಿಗಳಿದ್ದವು. ಒಂದೇ ಮರ, ಒಂದೇ ಆಕಾರ. ಗಾತ್ರ ಮಾತ್ರ ಬೇರೆ.

"ಕಡಲ ನಡುವೆ ಎಂಥ ಅಲೆ ಬಂದರೂ ದೊಡ್ಡದು ಮಗುಚುವುದಿಲ್ಲ ಮಾರಾಯ" ಎಂದ ಆಚಾರಿ. "ಆದರೆ ನಿಮ್ಮೂರಲ್ಲಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳು ದಿಬ್ಬ ಉಂಟಲ್ಲ, ನೀರಿಳಿದಾಗ ಅದನ್ನು ದಾಟಲಾಗದು. ಉಬ್ಬರ ಬರುವವರೆಗೆ ಹೊರಗೇ ಕಾಯಬೇಕು. ಚಿಕ್ಕದಾದರೆ ಯಾವಾಗ ಬೇಕಾದರೂ ಒಳಗೆ ಬರಬಹುದು."

ಮಗುಚುವುದಿಲ್ಲ ಎಂಬ ಮಾತೊಂದೇ ಅವನ ಕಿವಿಗೆ ಬಿತ್ತು. ದೊಡ್ಡದನ್ನೇ ಕೊಂಡ.

ಒಂದು ವರ್ಷ ಉಬ್ಬರ ನೋಡಿ ಹೋದ, ಉಬ್ಬರ ನೋಡಿ ಬಂದ. ಏನೂ ಆಗಲಿಲ್ಲ. ಭಯ ಮಾತ್ರ ಹೋಗಲಿಲ್ಲ. ಮೋಡದ ತುಣುಕು ಕಂಡರೂ ಎದೆ ಧಸಕ್ಕೆನ್ನುತ್ತಿತ್ತು.

ಒಂದು ಮಧ್ಯಾಹ್ನ ಗಾಳಿ ಎದ್ದಿತು. ನೀರು ಇಳಿದಿತ್ತು. ಚಿಕ್ಕ ದೋಣಿಗಳು ದಿಬ್ಬ ದಾಟಿ ಒಂದೊಂದಾಗಿ ಹೊಳೆಯೊಳಗೆ ಸೇರಿಕೊಂಡವು. ಇವನ ದೋಣಿಯೊಂದೇ ಹೊರಗೆ ಉಳಿಯಿತು. ದಡದಲ್ಲಿ ಹೆಂಡತಿ ನಿಂತಿದ್ದಳು. ಅವಳ ಸೀರೆಯ ಬಣ್ಣವೂ ಕಾಣುತ್ತಿತ್ತು, ಅಷ್ಟು ಹತ್ತಿರ. ಅವನು ಕೂತಲ್ಲಿಂದ ಎದ್ದ.

"ಅಣ್ಣಾ, ಉಬ್ಬರಕ್ಕೆ ಇನ್ನು ಒಂದೇ ಗಂಟೆ. ದೋಣಿಯೊಳಗೆ ನೀರು ಬಂದಿಲ್ಲ, ಮೋಟಾರು ನಿಂತಿಲ್ಲ. ಕಾಯುವ" ಎಂದ ಜೊತೆಗಿದ್ದ ತಮ್ಮ.

"ಒಂದು ಗಂಟೆಯಾ! ಅಷ್ಟರಲ್ಲಿ ನಾನು ಹೆದರಿಯೇ ಸಾಯುತ್ತೇನೆ" ಎಂದು ಅವನು ದೋಣಿಯನ್ನು ದಡದತ್ತ ತಿರುಗಿಸಿದ.

ದೋಣಿಯ ತಳ ದಿಬ್ಬದ ಮರಳಿಗೆ ಕಚ್ಚಿಕೊಂಡಿತು. ಹಿಂದಿನಿಂದ ಬಂದ ಅಲೆ ಅದನ್ನು ಅಡ್ಡಕ್ಕೆ ತಿರುಗಿಸಿತು. ಅದರ ಬೆನ್ನಿಗೇ ಬಂದ ಅಲೆ ಮಗುಚಿ ಹಾಕಿತು. ತಮ್ಮ ಈಜಿ ದಡ ಸೇರಿದ. ಅಣ್ಣ ಸೇರಲಿಲ್ಲ. ಹೆಂಡತಿ ಎಲ್ಲವನ್ನೂ ನೋಡಿದಳು.

"ಹಾಗಾದರೆ ಚಿಕ್ಕ ಮಠವೇ ಆಗಲಿ. ಈಗಲೇ ಹೊರಡುತ್ತೇನೆ" ಎಂದು ಶಿಷ್ಯ ದಡಬಡಿಸಿ ಎದ್ದ.

ಗುರು ತಲೆಯೆತ್ತಿ ಅವನನ್ನೇ ನೋಡಿದರು.

"ಕೂತುಕೋ. ಆ ಮೀನುಗಾರನಿಗೂ ಒಂದು ಗಂಟೆ ಕೂರಲು ಆಗಿರಲಿಲ್ಲ."