ಕಹಿ ಮೇಣದ ಟೆಂಡರ್

ಒಂದು ಕಾಡಿನಲ್ಲಿ ಗೀಜಗಗಳ ಮನೆತನವೊಂದಿತ್ತು. ಹೇಳಿಕೊಳ್ಳುವಂಥ ಮನೆತನ. ಕೆರೆಯ ಮೇಲೆ ಬಾಗಿದ ಈಚಲ ಮರದಲ್ಲಿ ಅವರು ತಲೆತಲಾಂತರದಿಂದ ಗೂಡು ಕಟ್ಟಿಕೊಂಡು ಬಂದಿದ್ದರು. ಅವರ ಗೂಡಿನಿಂದ ಮೊಟ್ಟೆ ಉದುರಿದ್ದನ್ನು ಕಂಡವರಿಲ್ಲ. ಕೇಳದೆ ಇನ್ನೊಬ್ಬರ ಗೂಡಿನಿಂದ ನಾರು ಎಳೆದವರು ಆ ಮನೆಯಲ್ಲಿ ಹುಟ್ಟಿರಲೇ ಇಲ್ಲ. ಗಂಡಸರು ಹೆಣೆಯುತ್ತಿದ್ದರು. ಹೆಂಗಸರು ತಪ್ಪು ಹುಡುಕುತ್ತಿದ್ದರು. ಎರಡೂ ಸೇರಿಯೇ ಮನೆತನಕ್ಕೆ ಹೆಸರು ಬಂದಿತ್ತು.

ಆ ಮನೆಯ ಹಿರಿಯಳು ಕಾತ್ಯಾಯನಮ್ಮ. ಗಂಡ ರಂಗಣ್ಣ ಹೆಣೆದದ್ದನ್ನು ಅವಳು ಕೊಕ್ಕಿನಿಂದ ಎಳೆದು ನೋಡಿ, "ಎಡಗಡೆ ಸೊಟ್ಟ. ಬಿಚ್ಚಿ" ಎನ್ನುವಳು. ರಂಗಣ್ಣ ಬಿಚ್ಚುವನು.

ಆ ಕಾಡಿಗೊಂದು ಪಂಚಾಯಿತಿಯೂ ಇತ್ತು. ಅಧ್ಯಕ್ಷ ಕರಡಿ ಜಾಂಬಣ್ಣ. ಕಾರ್ಯದರ್ಶಿ ಮುಳ್ಳುಹಂದಿ ಮುಳ್ಳಯ್ಯ. ಬರೆಯಬೇಕಾದಾಗಲೆಲ್ಲ ಮುಳ್ಳಯ್ಯ ತನ್ನ ಬೆನ್ನಿನಿಂದಲೇ ಒಂದು ಮುಳ್ಳು ಕೀಳಬೇಕಿತ್ತು. ಆದ್ದರಿಂದ ಅವನು ಆದಷ್ಟು ಕಡಿಮೆ ಬರೆಯುತ್ತಿದ್ದ.

ಹಿಂದಿನ ವರ್ಷ ಮರಿಗಳ ಶಿಶುವಿಹಾರಕ್ಕೆ ಸೂರು ಹೊದಿಸುವ ಕೆಲಸ ಗುಳ್ಳೆನರಿ ಗುಳ್ಳಪ್ಪನಿಗೆ ಸಿಕ್ಕಿತ್ತು. ಟೆಂಡರ್ ಪ್ರಕಟಣೆಯನ್ನು ಗೋಡೆಗೆ ಅಂಟಿಸಬೇಕೆಂಬ ನಿಯಮವೇನೋ ಇತ್ತು. ಅಂಟಿಸಿದ್ದರು. ಗುಳ್ಳಪ್ಪನ ಬಿಲದ ಒಳಗೋಡೆಗೆ. ಮೊದಲ ಮಳೆಗೇ ಸೂರು ಕುಸಿದು ಮೊಲದ ಮರಿಗಳ ಕಿವಿಯೊಳಗೆಲ್ಲ ನೀರು ತುಂಬಿತು.

ಈ ಸಲ ಮೊಲದ ತಾಯಂದಿರು ಪಂಚಾಯಿತಿಗೆ ನುಗ್ಗಿದರು. "ಪ್ರಕಟಣೆ ಆಲದ ಮರಕ್ಕೆ ಅಂಟಿಸುತ್ತೀರೋ, ಇಲ್ಲ ಮರಿಗಳನ್ನೆಲ್ಲ ತಂದು ನಿಮ್ಮ ಗುಹೆಯಲ್ಲಿ ಬಿಡಬೇಕೋ?"

ಜಾಂಬಣ್ಣ ಹೆದರಿದ. ಮುಳ್ಳಯ್ಯ ಮುಳ್ಳು ಕಿತ್ತ. ಆಲದ ಮರದ ಮೇಲೆ ಪ್ರಕಟಣೆ ಬಂತು. ಸೂರು ಹೊದಿಸುವ ಕೆಲಸಕ್ಕೆ ಯಾರು ಬೇಕಾದರೂ ಬಿಡ್ ಹಾಕಬಹುದು. ಒಂದು ಬುಟ್ಟಿ ನೇರಳೆ ಠೇವಣಿ ಇಡಬೇಕು. ಮಾದರಿ ತರಬೇಕು. ದರವನ್ನು ತೇಗದೆಲೆಯ ಲಕೋಟೆಯಲ್ಲಿಟ್ಟು ಭದ್ರವಾಗಿ ಮುಚ್ಚಿ ಕೊಡಬೇಕು. ಮೊದಲೇ ತೆರೆದ ಲಕೋಟೆ ತಿರಸ್ಕೃತ. ಹುಣ್ಣಿಮೆಯ ಬೆಳಗ್ಗೆ ಎಲ್ಲರ ಎದುರು ತೆರೆಯಲಾಗುವುದು. ಗಟ್ಟಿ ಮಾದರಿಗಳಲ್ಲಿ ಯಾರ ದರ ಕಡಿಮೆಯೋ ಅವರಿಗೆ ಕೆಲಸ.

ಗುಳ್ಳಪ್ಪ ಅದನ್ನು ಓದಿ, ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು ಬಾಲ ಸವರಿಕೊಂಡ. "ಸೊಗಸಾಗಿದೆ ಸ್ವಾಮಿ! ಒಂದೇ ಒಂದು ಸಲಹೆ. ಲಕೋಟೆಯ ಬಾಯಿಗೆ ಜೇನುಮೇಣ ಮೆತ್ತಿದರೆ ಘನತೆ ಇರುತ್ತದೆ. ಅವನ್ನು ಇಡುವುದಕ್ಕೆ ಅಧ್ಯಕ್ಷರ ಗುಹೆಗಿಂತ ಭದ್ರವಾದ ಜಾಗ ಬೇರೆ ಎಲ್ಲಿದೆ?"

ಎಲ್ಲರೂ ತಲೆಯಾಡಿಸಿದರು. ಜೇನುಮೇಣವನ್ನೂ ಕರಡಿಯನ್ನೂ ಒಂದೇ ಗುಹೆಯಲ್ಲಿ ಇಡಬಾರದು ಎಂಬುದು ಆ ದೊಡ್ಡ ಸಭೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಳಿಲು ಮೇಣ ಮೆತ್ತಿತು. ಕೆಂಜಿರುವೆಗಳ ಸ್ವಸಹಾಯ ಸಂಘವೂ ಮೇಣ ಮೆತ್ತಿತು. ಕಾತ್ಯಾಯನಮ್ಮ ಮಾತ್ರ ತನ್ನ ಲಕೋಟೆಯ ಬಾಯನ್ನು ಈಚಲ ನಾರಿನಿಂದ ಹೆಣೆದು ಬಿಗಿದಳು.

ರಂಗಣ್ಣ ಮೆಲ್ಲಗೆ ಹೇಳಿದ. "ಎಲ್ಲರೂ ಮೇಣ ಹಚ್ಚುತ್ತಿದ್ದಾರೆ ಕಣೇ."

"ಪ್ರಕಟಣೆಯಲ್ಲಿ 'ಭದ್ರವಾಗಿ' ಎಂದಿದೆ. ಮೇಣ ಎಂದದ್ದು ನರಿ. ನಾನು ಓದುವುದು ಪ್ರಕಟಣೆಯನ್ನು, ನರಿಯ ಬಾಯನ್ನಲ್ಲ. ನಿಮ್ಮ ರೆಕ್ಕೆಯ ಮೇಲಿನ ಧೂಳು ಕೊಡವಿಕೊಳ್ಳಿ."

ಹುಣ್ಣಿಮೆಯ ಬೆಳಗ್ಗೆ ಕಾಡೆಲ್ಲ ಆಲದ ಕೆಳಗೆ ಸೇರಿತು. ಮುಳ್ಳಯ್ಯ ಗುಹೆಯಿಂದ ಲಕೋಟೆಗಳನ್ನು ತಂದು ಹರಡಿದ. ಅಳಿಲಿನ ಲಕೋಟೆ ಬಾಯಿ ತೆರೆದುಕೊಂಡಿತ್ತು. ಇರುವೆಗಳದೂ ತೆರೆದಿತ್ತು. ಗುಳ್ಳಪ್ಪನ ಲಕೋಟೆಯ ಮೇಣ ಮಾತ್ರ ಹೊಳೆಯುತ್ತಿತ್ತು. ಕಾತ್ಯಾಯನಮ್ಮನ ಹೆಣಿಗೆಯೂ ಹಾಗೆಯೇ ಇತ್ತು.

"ಅಯ್ಯೋ ಕಾಲವೇ!" ಗುಳ್ಳಪ್ಪ ಎದೆ ಬಡಿದುಕೊಂಡ. "ಮೇಣವಿಲ್ಲದ ಲಕೋಟೆ ಯಾರದು? ಈ ಅಮ್ಮನದು. ಚೂಪು ಕೊಕ್ಕು ಯಾರದು? ಈ ಅಮ್ಮನದು. ಉಳಿದವರ ದರ ಕದ್ದು ನೋಡಲು ಇವಳೇ ಮೇಣ ಕುಕ್ಕಿದ್ದಾಳೆ! ದೊಡ್ಡ ಮನೆತನವಂತೆ. ಕಳ್ಳರ ಮನೆತನ!"

ಸಭೆ ಗುಜುಗುಜು ಎಂದಿತು. ಈಚಲ ಮರದ ನೆರೆಯವರೇ ಅನುಮಾನದಿಂದ ನೋಡಿದರು. "ಹೌದಲ್ಲ, ಅವರ ಕೊಕ್ಕು ಚೂಪೇ" ಎಂದಿತು ಒಂದು ಕೊಕ್ಕರೆ. ರಂಗಣ್ಣ ಕತ್ತು ತಗ್ಗಿಸಿದ. ಅಷ್ಟು ಕಾಲದ ಹೆಸರು ಆ ಒಂದು ಬೆಳಗ್ಗೆ ನಾರಿನಲ್ಲಿ ನೇತಾಡುತ್ತಿತ್ತು.

ಕಾತ್ಯಾಯನಮ್ಮ ಕತ್ತು ತಗ್ಗಿಸಲಿಲ್ಲ. ಲಕೋಟೆಗಳ ಬಳಿ ಹಾರಿ ಬಂದಳು. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದಳು.

"ಕುಕ್ಕಿದರೆ ತೂತು ಬೀಳಬೇಕು. ಇಲ್ಲಿ ತೂತಿಲ್ಲ, ಜೊಲ್ಲಿದೆ. ನಮ್ಮ ಮನೆಯಲ್ಲಿ ಯಾರೂ ಜೊಲ್ಲು ಸುರಿಸುವುದಿಲ್ಲ." ಆಮೇಲೆ ಅಧ್ಯಕ್ಷರ ಕಡೆ ತಿರುಗಿದಳು. "ಜಾಂಬಣ್ಣನವರೇ, ಅಳಿಲಿನ ಮೇಣ ಹೇಗಿತ್ತು?"

ಅರೆನಿದ್ದೆಯಲ್ಲಿದ್ದ ಜಾಂಬಣ್ಣ ತುಟಿ ಸವರಿಕೊಂಡ. "ಆಹಾ, ಹೆಜ್ಜೇನಿನದು!"

"ಇರುವೆಗಳದು?"

"ಸ್ವಲ್ಪ ಹುಳಿ. ಪರವಾಗಿಲ್ಲ."

"ಗುಳ್ಳಪ್ಪನದು?"

"ಥೂ! ಅದರ ಸುದ್ದಿ ಎತ್ತಬೇಡ. ನೆಕ್ಕಿದ್ದೇ ತಪ್ಪಾಯಿತು. ಬರೀ ಬೇವು!"

ಹೇಳಿದ ಮೇಲೆ ಜಾಂಬಣ್ಣನಿಗೆ ಪೂರ್ತಿ ಎಚ್ಚರವಾಯಿತು. ಅಷ್ಟು ಹೊತ್ತಿಗೆ ಕಾಡಿಗೂ ಎಚ್ಚರವಾಗಿತ್ತು.

"ಮೇಣದ ಸಲಹೆ ಕೊಟ್ಟವನು ಗುಳ್ಳಪ್ಪ. ಗುಹೆಯ ಸಲಹೆ ಕೊಟ್ಟವನು ಗುಳ್ಳಪ್ಪ. ತನ್ನ ಮೇಣಕ್ಕೆ ಮಾತ್ರ ಬೇವಿನ ರಸ ಬೆರೆಸಿದವನೂ ಗುಳ್ಳಪ್ಪ" ಎಂದಳು ಕಾತ್ಯಾಯನಮ್ಮ. "ಕಾರ್ಯದರ್ಶಿಗಳೇ, ಅವನ ದರ ಓದಿ."

ಮುಳ್ಳಯ್ಯ ಲಕೋಟೆ ಬಿಚ್ಚಿ ಓದಿದ. "ಈ ವರ್ಷ ಕಾಡಿನಲ್ಲಿ ಬಿಡುವ ನೇರಳೆ ಪೂರ್ತಿ."

"ನಮ್ಮದೆಲ್ಲ ತಿರಸ್ಕೃತವಾಗಿ ಇವನೊಬ್ಬನೇ ಉಳಿದರೆ ಅಷ್ಟನ್ನೂ ಕೊಡಲೇಬೇಕಾಗುತ್ತಿತ್ತಲ್ಲ!" ಎಂದಿತು ಅಳಿಲು.

ಮೊಲದ ತಾಯಂದಿರು ಎದ್ದು ನಿಂತರು. ಗುಳ್ಳಪ್ಪ ಓಡಿದ. ಅವನ ಠೇವಣಿಯ ಬುಟ್ಟಿಯನ್ನು ಮರಿಗಳು ಅಲ್ಲೇ ಖಾಲಿ ಮಾಡಿದವು. ಇನ್ನು ಮುಂದೆ ಅವನು ಬಿಡ್ ಹಾಕಕೂಡದೆಂದು ಬರೆಯಲು ಮುಳ್ಳಯ್ಯ ತಾನಾಗಿಯೇ ಮುಳ್ಳು ಕಿತ್ತ. ಜಾಂಬಣ್ಣ ಎರಡು ಕೈಯಲ್ಲೂ ಕಿವಿ ಹಿಡಿದು ಗೀಜಗಗಳ ಕ್ಷಮೆ ಕೇಳಿದ.

"ಹಾಗಾದರೆ ಕೆಲಸ ನಿಮಗೇ" ಎಂದ ಮುಳ್ಳಯ್ಯ ಕಾತ್ಯಾಯನಮ್ಮನಿಗೆ.

"ಬೇಡ. ಅಳಿಲು, ಇರುವೆಗಳು ಏನು ತಪ್ಪು ಮಾಡಿದ್ದವು? ಟೆಂಡರ್ ಮತ್ತೆ ಕರೆಯಿರಿ. ಲಕೋಟೆಗಳನ್ನು ಆಮೆಯ ಹತ್ತಿರ ಇಡಿ. ಅವಳಿಗೆ ಸಿಹಿ ಸೇರುವುದಿಲ್ಲ."

ಮತ್ತೆ ಕರೆದರು. ಮೂವರೂ ಬಿಡ್ ಹಾಕಿದರು. ಗೀಜಗಗಳ ದರ ಇರುವೆಗಳದಕ್ಕಿಂತ ಅರ್ಧ ಬುಟ್ಟಿ ಕಡಿಮೆ ಇತ್ತು. ಅವರ ಮಾದರಿಯ ಮೇಲೆ ಜಾಂಬಣ್ಣನೇ ಕುಳಿತು ನೋಡಿದ. ಹರಿಯಲಿಲ್ಲ. ರಂಗಣ್ಣ ಮತ್ತು ಅವನ ತಮ್ಮಂದಿರು ಹೆಣೆದರು. ಕಾತ್ಯಾಯನಮ್ಮ ಮೂರು ಸಲ ಬಿಚ್ಚಿಸಿದಳು.

ಮಳೆ ಬಂತು. ಸೂರಿನ ಕೆಳಗೆ ಒಂದು ಹನಿ ಬೀಳಲಿಲ್ಲ. ಗುಳ್ಳಪ್ಪನ ಬಿಲಕ್ಕೆ ಮಾತ್ರ ನೀರು ನುಗ್ಗಿತು. ಅವನು ತೊಯ್ದ ಬಾಲವನ್ನು ಎಳೆದುಕೊಂಡು ಶಿಶುವಿಹಾರದ ಬಾಗಿಲಿಗೆ ಬಂದ. ಒಳಗೆ ಕಾತ್ಯಾಯನಮ್ಮ ಸೂರಿನ ಹೆಣಿಗೆಯನ್ನು ಎಳೆದು ನೋಡುತ್ತಿದ್ದಳು.

"ಅಮ್ಮಾ, ಚಳಿ. ಒಂದು ಮೂಲೆ ಕೊಡಿ. ಆಗಿದ್ದು ಆಯಿತು, ಮರೆತುಬಿಡೋಣ."

"ಮೂಲೆ ಇದೆ. ಕಾಲು ಒರೆಸಿಕೋ. ಒಳಗೆ ಬರುವ ಮುಂಚೆ, ನನ್ನ ಮನೆತನವನ್ನು ಕಳ್ಳರದು ಎಂದೆಯಲ್ಲ, ಅದಕ್ಕೆ ಕ್ಷಮೆ ಕೇಳು. ಎಲ್ಲರ ಎದುರು, ಗಟ್ಟಿಯಾಗಿ. ಮರೆಯುವ ಮಾತು ಆಮೇಲೆ."

ನೀತಿ: ಬೇರೆಯವರನ್ನು ಹೊರಗಿಡಲು ಮೋಸ ಹೂಡಿದವನು ಕೊನೆಗೆ ತಾನೇ ಹೊರಗೆ ನಿಲ್ಲುತ್ತಾನೆ, ಒಳಗೆ ಬರಬೇಕಾದರೆ ಅವನು ಕ್ಷಮೆ ಕೇಳಲೇಬೇಕು.