ನೀರಿನಲ್ಲಿ ಕೂಗುವ ಕತ್ತಿ

“ಕೇಳಿಸದೆ ಹ್ಞೂಂ ಅನ್ನಬೇಡಿ.”

ಸಾಯೊ ತನ್ನ ಗಂಡನಿಗೆ ಹೇಳಿದ ಕೊನೆಯ ಮಾತು ಇದು.

ಅದಕ್ಕೂ ಮುಂಚೆ ಆಕೆ ಇನ್ನೇನೋ ಹೇಳಿದ್ದಳು. ಗಂಡ ಗಂಜಿ ಬಟ್ಟಲು ಹಿಡಿದುಕೊಂಡು ಹಾಸಿಗೆ ಪಕ್ಕ ಕೂತಿದ್ದ. ಅವನಿಗೆ ಕೇಳಿಸಲಿಲ್ಲ. ಕೇಳಿಸಿದವನ ಹಾಗೆ ತಲೆ ಆಡಿಸಿ ಹ್ಞೂಂ ಅಂದ. ಆಕೆಗೆ ನಗು ಬಂತು. “ಏನ್ರೀ ಹ್ಞೂಂ? ನಾನೇನಂದೆ ಹೇಳಿ ನೋಡೋಣ,” ಅಂತ ಸ್ವಲ್ಪ ಗಟ್ಟಿಯಾಗಿ ಕೇಳಿದಳು. ಅವನು ಬಟ್ಟಲು ನೋಡಿದ. ಆಗ ಅವನ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಆ ಮಾತು ಹೇಳಿದಳು. ಹೇಳಿ ಆ ಕಡೆ ಮಗ್ಗುಲಾದಳು. ಗಂಜಿ ಆರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮೊದಲು ಏನು ಹೇಳಿದ್ದಳೋ, ಅದು ಅವನಿಗೆ ಗೊತ್ತಾಗದೆ ಹೋಯಿತು.

ಇದು ಜಪಾನ್ ದೇಶದಲ್ಲಿ ನಡೆದದ್ದು. ಗಂಡನ ಹೆಸರು ತೊಕುಜಿ. ಹೊಳೆ ದಂಡೆಯ ಸಣ್ಣ ಊರಿನಲ್ಲಿ ಕಮ್ಮಾರ. ಅವನು ಕುಡುಗೋಲು ಮಾಡುವವನಲ್ಲ, ಗುದ್ದಲಿ ಮಾಡುವವನಲ್ಲ. ಗಿಡ್ಡ ಕತ್ತಿ ಮಾಡುವವನು. ಒಂದು ಮೊಳ ಉದ್ದ. ಚೂರೇ ಚೂರು ಬಾಗು. ವಾಕಿಜಾಶಿ ಅಂತ ಅದರ ಹೆಸರು.

ಈಗ ಕತ್ತಿ ಹಿಡಿದು ಯುದ್ಧಕ್ಕೆ ಹೋಗುವವರು ಯಾರಿದ್ದಾರೆ? ಆದರೂ ಅದನ್ನು ಕೊಳ್ಳುವವರು ಇದ್ದರು. ಗಾಜಿನ ಬೀರುವಿನಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತಾರೆ. ಆಗಾಗ ತೆಗೆದು, ಎಣ್ಣೆ ಸವರಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒಳಗಿಡುತ್ತಾರೆ. ನಮ್ಮಲ್ಲಿ ಕೆಲವರು ಹಳೆಯ ನಾಣ್ಯ ಕೂಡಿಡುವುದಿಲ್ಲವೇ, ಹಾಗೆ.

ಕತ್ತಿಯ ಹುಟ್ಟು ಸಾವು ಎಲ್ಲ ಒಂದು ಗಳಿಗೆಯಲ್ಲಿ. ಬಡಿದು ಬಡಿದು ಆಕಾರ ಬಂದ ಮೇಲೆ ಅದಕ್ಕೆ ಮಣ್ಣು ಮೆತ್ತಿ ಒಣಗಿಸುತ್ತಾರೆ. ಆಮೇಲೆ ಕುಲುಮೆ ಮನೆಯ ಬಾಗಿಲು ಕಿಟಕಿ ಮುಚ್ಚಿ ಕತ್ತಲೆ ಮಾಡುತ್ತಾರೆ. ಕಾದ ಕಬ್ಬಿಣದ ಬಣ್ಣ ಕತ್ತಲೆಯಲ್ಲೇ ಸರಿಯಾಗಿ ಕಾಣುವುದು. ಬಣ್ಣ ಹದಕ್ಕೆ ಬಂದ ಕೂಡಲೇ ಕತ್ತಿಯನ್ನು ನೀರಿನ ತೊಟ್ಟಿಗೆ ಅದ್ದುತ್ತಾರೆ. ಚೊಂಯ್ ಅನ್ನುತ್ತದೆ. ಆ ಸದ್ದಿನ ಒಳಗೆ ಇನ್ನೊಂದು ಸದ್ದು ಬಂದರೆ ಕತ್ತಿ ಕೆಟ್ಟಿತು ಅಂತ. ಅದು ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು. ಒಳಗೆಲ್ಲೋ ಬಿರುಕು ಬಿಟ್ಟಿದೆ. ಇದಕ್ಕೆ ಕತ್ತಿ ಕೂಗಿತು ಅನ್ನುತ್ತಾರೆ. ಕೂಗಿದ ಕತ್ತಿಯ ಬಿರುಕು ಒಮ್ಮೊಮ್ಮೆ ಕಣ್ಣಿಗೆ ಬೀಳುವುದಿಲ್ಲ. ಎಷ್ಟೋ ಚಳಿಗಾಲ ಕಳೆದ ಮೇಲೆ ತಾನಾಗಿ ಮೇಲೆ ಬರುತ್ತದೆ.

ಅದಕ್ಕೇ ಆ ಊರಲ್ಲಿ ಒಂದು ಪದ್ಧತಿ. ಕತ್ತಿ ಕೊಡುವಾಗ ಕಮ್ಮಾರ ಒಂದು ಚೀಟಿ ಬರೆದು ಕೊಡಬೇಕು. ‘ಕಿವಿಯಿಟ್ಟು ಕೇಳಿದ್ದೇನೆ, ಕೂಗಿಲ್ಲ’ ಅಂತ. ಕೆಳಗೆ ಹೆಸರು. ಆ ಚೀಟಿ ಇಲ್ಲದ ಕತ್ತಿಯನ್ನು ಯಾರೂ ಬೀರುವಿನಲ್ಲಿ ಇಡುವುದಿಲ್ಲ.

ತೊಕುಜಿಯ ಕಿವಿ ಹೋಗಿ ಹನ್ನೊಂದು ವರ್ಷವಾಗಿತ್ತು. ನಲವತ್ತು ವರ್ಷ ಸುತ್ತಿಗೆ ಏಟಿನ ಪಕ್ಕದಲ್ಲಿ ನಿಂತವನ ಕಿವಿ ಇನ್ನೇನಾಗುತ್ತದೆ? ಗಟ್ಟಿ ಮಾತು ಕೇಳುತ್ತಿತ್ತು. ಸಣ್ಣ ಸದ್ದು ಕೇಳುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಕಿವುಡ ಕಮ್ಮಾರನ ಹತ್ತಿರ ಕತ್ತಿ ಯಾರು ಮಾಡಿಸುತ್ತಾರೆ?

ಕತ್ತಿಯ ಕೂಗೂ ಕೇಳುವುದಿಲ್ಲ ಅಂತ ಸಾಯೊಗೆ ಮಾತ್ರ ಗೊತ್ತಿತ್ತು. ಕತ್ತಿ ಅದ್ದುವ ದಿನ ಆಕೆ ತೊಟ್ಟಿಯ ಎಡಕ್ಕೆ ಒಂದು ಮರದ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಕತ್ತಿ ನೀರಿಗೆ ಇಳಿದು, ಸದ್ದೆಲ್ಲ ಅಡಗಿದ ಮೇಲೆ, ಕತ್ತಲೆಯಲ್ಲಿ ಕೈ ಚಾಚಿ ಗಂಡನ ಮೊಣಕೈ ಒತ್ತುತ್ತಿದ್ದಳು. ಒಂದು ಸಲ ಒತ್ತಿದರೆ ಕೂಗಿಲ್ಲ ಅಂತ. ತೋಳು ಜಗ್ಗಿದರೆ ಕೂಗಿತು ಅಂತ. ಆಮೇಲೆ ಅವನು ಕಿಟಕಿ ತೆಗೆಯುತ್ತಿದ್ದ. ಚೀಟಿಯಲ್ಲಿ ತನ್ನ ಹೆಸರು ಬರೆಯುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಆಕೆ ಒಂದು ದಿನವೂ ಅದರ ಮಾತು ಎತ್ತಲಿಲ್ಲ.

ಈಗ ಆಕೆ ಇಲ್ಲ. ಅಲ್ಲಿಯ ಪದ್ಧತಿಯ ನಲವತ್ತೊಂಬತ್ತು ದಿನದ ಕರ್ಮ ಮುಗಿಯಿತು. ಮಣೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಟ್ಟಕ್ಕೆ ಎತ್ತಿಟ್ಟ. ಆಮೇಲೆ ಕುಲುಮೆ ಹಚ್ಚಿದ.

ಆಕೆ ಇದ್ದಾಗಲೇ ಒಪ್ಪಿಕೊಂಡ ಕತ್ತಿಯೊಂದಿತ್ತು. ಮಾಡಿಕೊಡಿ ಅಂದವರು ಪಕ್ಕದ ಪಟ್ಟಣದ ಇನಾಬಾ ಅನ್ನುವ ಹಿರಿಯ ಹೆಂಗಸು. ಎಲ್ಲರೂ ಇನಾಬಾ ಸಾನ್ ಅನ್ನುತ್ತಿದ್ದರು. ನಾವು ಹೆಸರಿನ ಜೊತೆ ‘ಅವರು’ ಅನ್ನುತ್ತೇವಲ್ಲ, ಅಲ್ಲಿ ಸಾನ್. ಆಕೆಯ ಬೀರುವಿನಲ್ಲಿ ಇಪ್ಪತ್ತೊಂದು ಗಿಡ್ಡ ಕತ್ತಿ ಇದ್ದವು. ಅದರಲ್ಲಿ ಎರಡು ತೊಕುಜಿಯವು.

ಒಂದು ಕೇಳಿದರೆ ಎರಡು ಬಡಿಯುವುದು ಅಲ್ಲಿಯ ರೂಢಿ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ತೊಕುಜಿಯೂ ಎರಡು ಬಡಿದ. ಒಂದನ್ನು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ಇನ್ನೊಂದಕ್ಕೆ ಮಣ್ಣು ಮೆತ್ತಿದ. ಕಿಟಕಿ ಮುಚ್ಚಿದ. ಕಾಯಿಸಿದ. ಅದ್ದಿದ.

ಆವಿ ಮುಖಕ್ಕೆ ಬಡಿಯಿತು. ಅವನು ಕತ್ತಲೆಯಲ್ಲಿ ನಿಂತೇ ಇದ್ದ. ಎಷ್ಟು ಹೊತ್ತು ನಿಂತನೋ. ನೀರು ತಣ್ಣಗಾಯಿತು. ಆಮೇಲೆ ಅವನಿಗೆ ತಿಳಿಯಿತು, ತಾನು ಮಣೆಯಿದ್ದ ಕಡೆಗೆ ಮೊಣಕೈ ಚಾಚಿಕೊಂಡು ನಿಂತಿದ್ದೇನೆ ಅಂತ.

ಕಿಟಕಿ ತೆಗೆದು ನೋಡಿದ. ಕತ್ತಿ ಚೆನ್ನಾಗಿತ್ತು. ನೋಡಲು ಚೆನ್ನಾಗಿತ್ತು.

ಕತ್ತಿಗೆ ಹೊಳಪು ಕೊಡುವವನು ಬೇರೆ. ಎದುರು ಮನೆಯ ಮೊಸುಕೆ. ತೊಕುಜಿಯ ಜೊತೆ ಹೊಳೆಯಲ್ಲಿ ಈಜು ಕಲಿತವನು. ಅವನು ಹನ್ನೆರಡು ದಿನ ಕಲ್ಲಿನ ಮೇಲೆ ಉಜ್ಜಿದ. ಹದಿಮೂರನೆಯ ದಿನ ತಂದು ಕೊಟ್ಟ. ಬೆಳಕಿಗೆ ಹಿಡಿದರೆ ಅಲಗಿನ ಉದ್ದಕ್ಕೂ ಒಂದು ಬಿಳಿ ಗೆರೆ, ಹೊಳೆಯ ಮೇಲೆ ಮಂಜು ಕೂತ ಹಾಗೆ. ತೊಕುಜಿ ಇಂಥದ್ದನ್ನು ಹಿಂದೆ ಮಾಡಿರಲಿಲ್ಲ.

“ನಿನ್ನ ಜನ್ಮದಲ್ಲೇ ಒಳ್ಳೆ ಕತ್ತಿ ಕಣೋ ಇದು,” ಅಂದ ಮೊಸುಕೆ. “ಬೇಗ ಹೆಸರು ಕೊರಿ. ಇನಾಬಾ ಸಾನ್ ನಾಡಿದ್ದು ಬರ್ತಾರೆ.”

ಹಿಡಿಯ ಒಳಗೆ ಹೋಗುವ ತುದಿಯಲ್ಲಿ ಕಮ್ಮಾರ ತನ್ನ ಹೆಸರು ಕೊರೆಯಬೇಕು. ತೊಕುಜಿ ಉಳಿ ಹಿಡಿದು ಕೂತ. ಮಾರನೆಯ ದಿನ ಮೊಸುಕೆ ಬಂದಾಗಲೂ ಹಾಗೇ ಕೂತಿದ್ದ.

“ಎಲ್ಲೋ ಹೆಸರು? ಮರೆತು ಹೋಯ್ತಾ?”

“ಕೂಗಿತೋ ಇಲ್ವೋ ಗೊತ್ತಿಲ್ಲ, ಮೊಸುಕೆ.”

“ಅಂದರೆ?”

“ನನಗೆ ಕಿವಿ ಕೇಳಲ್ಲ.”

ಮೊಸುಕೆ ನಕ್ಕುಬಿಟ್ಟ. “ಇದನ್ನ ಇವತ್ತು ಹೇಳ್ತಾ ಇದೀಯಾ? ಹತ್ತು ವರ್ಷದಿಂದ ನಿನ್ನ ಹತ್ತಿರ ಅರಚಿ ಅರಚಿ ನನ್ನ ಗಂಟಲು ಹೋಗಿದೆ. ಊರಿಗೇ ಗೊತ್ತು ನೀನು ಕಿವುಡ ಅಂತ.”

“ಮಾತಷ್ಟೇ ಅಲ್ಲ ಕಣೋ. ಕತ್ತಿಯ ಕೂಗೂ ಕೇಳಲ್ಲ. ಸಾಯೊ ಕೇಳಿ ಹೇಳ್ತಿದ್ದಳು.”

ಮೊಸುಕೆಯ ನಗು ನಿಂತಿತು. ಅದು ಅವನಿಗೆ ಗೊತ್ತಿರಲಿಲ್ಲ. ಮನುಷ್ಯರ ಮಾತು ಕೇಳದಿದ್ದರೂ ಕಮ್ಮಾರನಿಗೆ ಕತ್ತಿಯ ಕೂಗು ಕೇಳಿಯೇ ಕೇಳುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಮೊಸುಕೆ ಕತ್ತಿ ಎತ್ತಿಕೊಂಡು ಇನ್ನೊಂದು ಸಲ ತುದಿಯಿಂದ ಬುಡದವರೆಗೆ ನೋಡಿದ. ಭೂತಗನ್ನಡಿ ಹಿಡಿದು ನೋಡಿದ.

“ನನ್ನ ಕಣ್ಣಿಗೆ ಏನೂ ಕಾಣಲ್ಲ. ಬರೆದು ಕೊಡು ಹೋಗಲಿ. ಗಾಜಿನ ಬೀರುವಿನಲ್ಲಿ ಮಲಗೋ ಕತ್ತಿ ಇದು. ಯಾರ ತಲೇನೂ ತೆಗೆಯಲ್ಲ.”

“ಬಿರುಕು ಬಂದರೆ?”

“ಬರೋ ಹೊತ್ತಿಗೆ ನೀನೂ ಇರಲ್ಲ, ನಾನೂ ಇರಲ್ಲ. ನೋಡು, ಈಗ ಬಾಯಿ ಬಿಟ್ಟೆಯೋ, ಈ ಕುಲುಮೆ ಆರಿ ಹೋಗುತ್ತೆ. ಸಾಯೊನೂ ಇಲ್ಲ. ಇದೂ ಇಲ್ಲ ಅಂದರೆ ಬೆಳಗಾಗೆದ್ದು ಏನು ಮಾಡ್ತೀಯಾ?”

ಮೊಸುಕೆ ಕೆಟ್ಟವನಲ್ಲ. ಗೆಳೆಯನ ಮೇಲಿನ ಕನಿಕರಕ್ಕೆ ಹೇಳಿದ. ತೊಕುಜಿಗೂ ಅದೇ ಭಯ ಇತ್ತು. ಕುಲುಮೆ ಬಿಟ್ಟರೆ ಅವನಿಗೆ ಉಳಿದದ್ದು ಏನು? ಅವನು ಹ್ಞೂಂ ಅಂದ.

ಅಂದ ಕೂಡಲೇ ಕಿವಿ ಬಿಸಿಯಾಯಿತು. ಆಕೆ ಹಿಡಿದು ಎಳೆದಿದ್ದ ಕಿವಿ.

ಇನಾಬಾ ಸಾನ್ ಹೇಳಿದ ದಿನ ಬಂದರು. ಸಾಯೊಳ ಪಟದ ಮುಂದೆ ಊದುಬತ್ತಿ ಹಚ್ಚಿ ಕೈ ಮುಗಿದರು. ಮೊಸುಕೆ ಚಹಾ ತಂದಿಟ್ಟ. ಆಕೆ ಕತ್ತಿ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಚಹಾ ಆರಿತು.

“ಇಂಥದ್ದಕ್ಕೆ ಎಷ್ಟು ವರ್ಷ ಕಾದಿದ್ದೆ ಗೊತ್ತಾ, ತೊಕುಜಿ ಸಾನ್,” ಅಂದರು. “ಎಲ್ಲಿ, ಚೀಟಿ ಕೊಡಿ.”

ಕಾಗದ, ಕುಂಚ, ಮಸಿ ಎಲ್ಲ ಮುಂದೆಯೇ ಇದ್ದವು. ತೊಕುಜಿ ಕುಂಚ ಹಿಡಿದ. ಮಸಿಯಲ್ಲಿ ಅದ್ದಿದ. ಕೆಳಗಿಟ್ಟ.

“ಈ ಕತ್ತಿ ಕೂಗಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ. ಚೀಟಿ ಬರೆಯಲಾರೆ.”

ಮೊಸುಕೆ ಬಾಗಿಲ ಕಡೆ ತಿರುಗಿ ನಿಂತ.

ಇನಾಬಾ ಸಾನ್ ಕತ್ತಿಯನ್ನು ಬಟ್ಟೆಯ ಮೇಲೆ ಇಟ್ಟರು. “ಎಷ್ಟು ದಿನದಿಂದ?”

“ಹನ್ನೊಂದು ವರ್ಷ.”

“ನಿಮ್ಮ ಎರಡು ಕತ್ತಿ ನನ್ನ ಮನೆಯಲ್ಲಿವೆ. ಕಿವಿಯಿಟ್ಟು ಕೇಳಿದ್ದೇನೆ ಅಂತ ನೀವೇ ಬರೆದು ಕೊಟ್ಟಿದ್ದೀರಿ.”

“ಕೇಳಿದವಳು ಸಾಯೊ. ಅವಳ ಕಿವಿ ತಪ್ಪುತ್ತಿರಲಿಲ್ಲ. ಕತ್ತಿ ಎರಡೂ ಚೆನ್ನಾಗಿವೆ. ಚೀಟಿ ಸುಳ್ಳು. ಅದು ನನ್ನ ತಪ್ಪು.”

ಇನಾಬಾ ಸಾನ್ ಆರಿದ ಚಹಾವನ್ನೇ ಕುಡಿದು ಮುಗಿಸಿದರು. ಆಮೇಲೆ ಎರಡು ಕಾಗದ ತೆಗೆದು ಅವನ ಮುಂದೆ ಸರಿಸಿದರು.

“ಹಾಗಾದರೆ ಆ ಎರಡು ಚೀಟಿ ಈಗ ಸರಿಯಾಗಿ ಬರೆಯಿರಿ.”

ತೊಕುಜಿಗೆ ಅಕ್ಷರ ಅಷ್ಟಾಗಿ ಒಗ್ಗಿರಲಿಲ್ಲ. ನಿಧಾನವಾಗಿ ಬರೆದ. ‘ಸಾಯೊ ಕಿವಿಯಿಟ್ಟು ಕೇಳಿದ್ದಾಳೆ. ಕೂಗಿಲ್ಲ.’ ಎರಡು ಸಲ ಬರೆದ. ಹನ್ನೊಂದು ವರ್ಷದಲ್ಲಿ ಸಾಯೊಳ ಹೆಸರು ಒಂದು ಕಾಗದದ ಮೇಲೆ ಬಂದದ್ದು ಅದೇ ಮೊದಲು. ಮಸಿ ಒಣಗುವವರೆಗೆ ಅವನು ಅದನ್ನೇ ನೋಡುತ್ತಾ ಕೂತ. ಎದೆ ಹಗುರಾಗಿತ್ತು.

ಇನಾಬಾ ಸಾನ್ ಚೀಟಿ ಮಡಚಿ ಚೀಲದಲ್ಲಿ ಇಟ್ಟುಕೊಂಡರು. “ಇದನ್ನು ನಾನು ಮುಚ್ಚಿಡುವುದಿಲ್ಲ. ಕೇಳಿದವರಿಗೆ ಹೇಳುತ್ತೇನೆ. ಕೆಲವರು ನಿಮ್ಮ ಹತ್ತಿರ ಬರದೆ ಹೋಗಬಹುದು.”

“ಹೇಳಿ. ಹೇಳಬೇಕಾದ್ದೇ.”

“ನನಗೆ ಈ ಕತ್ತಿ ಬೇಡ. ಇದರ ಜೊತೆಯದು ಒಂದಿರಬೇಕಲ್ಲ. ಅದನ್ನು ಅದ್ದಿ. ಯಾರು ಕೇಳಿದರೋ ಅವರ ಹೆಸರಿನಲ್ಲಿ ಚೀಟಿ ಬರಲಿ. ಅದನ್ನು ತೆಗೆದುಕೊಳ್ಳುತ್ತೇನೆ.”

“ಈ ಕತ್ತಿ ಏನು ಮಾಡಲಿ?”

“ಮೂಲಂಗಿ ಹೆಚ್ಚಿಕೊಳ್ಳಿ.”

ಮೊಸುಕೆ ಬಾಗಿಲಿಂದ ಓಡಿ ಬಂದ. “ಅಯ್ಯೋ ತಾಯಿ! ಹನ್ನೆರಡು ದಿನ ಉಜ್ಜಿದ್ದೀನಿ ನಾನು!”

“ಹಾಗಾದರೆ ಚೆನ್ನಾಗಿ ಹೆಚ್ಚುತ್ತೆ,” ಅಂದರು ಇನಾಬಾ ಸಾನ್. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಂಗಳದಲ್ಲಿ ಒಮ್ಮೆ ತಿರುಗಿ ಸಾಯೊಳ ಪಟದ ಕಡೆ ತಲೆ ಬಾಗಿಸಿದರು.

ಅವರು ಹೋದ ಮೇಲೆ ಮೊಸುಕೆ ಚಹಾ ಬಟ್ಟಲು ಎತ್ತಿಟ್ಟ.

“ನಿನ್ನ ಕಿವಿ ಹೇಗಿದೆ?” ಅಂತ ತೊಕುಜಿ ಕೇಳಿದ.

“ಅಡುಗೆಮನೆಯಲ್ಲಿ ಸೊಸೆ ನನ್ನನ್ನ ಬೈದುಕೊಳ್ಳೋದು ಜಗಲಿಗೆ ಕೇಳುತ್ತೆ,” ಅಂದ ಮೊಸುಕೆ.

ಅವತ್ತೇ ತೊಕುಜಿ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಕತ್ತಿ ತೆಗೆದು ಮಣ್ಣು ಮೆತ್ತಿದ. ಒಲೆಯ ಪಕ್ಕ ಒಣಗಲು ಇಟ್ಟ.

ಮರುದಿನ ಬೆಳಿಗ್ಗೆ ಎದ್ದ. ಹೊಳೆಯುವ ಆ ಗಿಡ್ಡ ಕತ್ತಿಯಲ್ಲಿ ಒಂದು ಮೂಲಂಗಿ ಹೆಚ್ಚಿದ. ಬಿಲ್ಲೆಗಳು ಎಷ್ಟು ತೆಳ್ಳಗೆ ಬಂದವು ಅಂದರೆ ಆಚೆಯ ಬೆರಳು ಕಾಣುತ್ತಿತ್ತು. ಸಾರು ಮಾಡಿಕೊಂಡು ಕುಡಿದ. ಅಟ್ಟ ಹತ್ತಿ ಮಣೆ ಇಳಿಸಿದ. ಧೂಳು ಒರೆಸಿ, ನೀರಿನ ತೊಟ್ಟಿಯ ಎಡಕ್ಕೆ, ಮೊದಲು ಇದ್ದ ಜಾಗದಲ್ಲೇ ಹಾಕಿದ. ಬಾಗಿಲಿಗೆ ಬಂದು ಕೂಗಿದ.

“ಲೋ ಮೊಸುಕೆ! ಕಿವಿ ತೊಳೆದುಕೊಂಡು ಬಾ!”

ಎದುರು ಮನೆಯಿಂದ ಮೊಸುಕೆ ಏನೋ ಅಂದ. ತೊಕುಜಿಗೆ ತಿಳಿಯಲಿಲ್ಲ. ತಲೆ ಆಡಿಸಲು ಹೋದವನು ನಿಲ್ಲಿಸಿದ. ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡ.

“ಕೇಳಿಸಲಿಲ್ಲ,” ಅಂದ. “ಇನ್ನೊಂದು ಸಲ ಹೇಳು.”

ನೀತಿ: ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳಿಬಿಡಿ. ಅದರಿಂದ ಮಾನ ಹೋಗುವುದಿಲ್ಲ. ಕೇಳಿಸದೆ ಹ್ಞೂಂ ಅನ್ನುವವನು ಕೊನೆಗೆ ಒಬ್ಬನೇ ಉಳಿಯುತ್ತಾನೆ. ಕೇಳಿಸಲಿಲ್ಲ ಅಂದವನ ಪಕ್ಕಕ್ಕೆ ಇನ್ನೊಬ್ಬರು ಬಂದು ಕೂರುತ್ತಾರೆ. ಮತ್ತೆ, ನಿಮ್ಮ ಪರವಾಗಿ ಯಾರು ಕಿವಿಯಿಟ್ಟು ಕೇಳಿದರೋ ಅವರ ಹೆಸರನ್ನು ಅವರು ಇರುವಾಗಲೇ ಹೇಳಿ.