ಸರಪಳಿಗೆ ಬಳಿದ ಲೇಪ

ಶಿಷ್ಯ ಕೇಳಿದ: “ಗುರುಗಳೇ, ಯಾರಿಗೂ ಕೇಡಾಗದಂತೆ ಒಂದು ವಸ್ತುವನ್ನು ಕಾಪಾಡಲು ಆಗುವುದಿಲ್ಲವೇ?”

ಗುರುಗಳು ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಕಮ್ಮಾರನಿದ್ದ. ಆ ಹೊಳೆಗೆ ಸೇತುವೆ ಇರಲಿಲ್ಲ. ಈ ದಡದಿಂದ ಆ ದಡಕ್ಕೆ ಕಬ್ಬಿಣದ ಸರಪಳಿಯೊಂದನ್ನು ಬಿಗಿದು, ದೋಣಿ ಸೆಳವಿಗೆ ಸಿಗದಂತೆ ಅದನ್ನು ಸರಪಳಿಗೆ ಕಟ್ಟಿ ದಾಟಿಸುತ್ತಿದ್ದರು. ಸರಪಳಿಗೆ ತುಕ್ಕು ಹಿಡಿಯದಿರಲೆಂದು ಕಮ್ಮಾರನ ಅಣ್ಣ ವರ್ಷಕ್ಕೊಮ್ಮೆ ಹಳೆಯ ಬಣ್ಣ ಕೆರೆದು, ಸೀಸ ಹುರಿದು ಮಾಡಿದ ಕೆಂಪು ಬಣ್ಣ ಬಳಿಯುತ್ತಿದ್ದ. ಅದು ವಿಷವೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಸರಪಳಿ ಮುಟ್ಟುತ್ತಿರಲಿಲ್ಲ. ಇಪ್ಪತ್ತು ವರ್ಷ ಬಳಿದ ಮೇಲೆ ಅಣ್ಣನ ಎರಡೂ ಕೈಗಳು ಮಣಿಕಟ್ಟಿನಿಂದ ಜೋತುಬಿದ್ದವು. ತಮ್ಮನೇ ತುತ್ತು ಮಾಡಿ ತಿನ್ನಿಸಬೇಕಾಯಿತು.

ಅಂದಿನಿಂದ ಕಮ್ಮಾರ ಬೇರೆ ಲೇಪ ಹುಡುಕಿದ. ಕಬ್ಬಿಣದ ಚೂರುಗಳಿಗೆ ಒಂದೊಂದು ಬಗೆ ಬಳಿದು, ಹೊಳೆಯಲ್ಲಿ ಮುಳುಗಿಸಿಟ್ಟು, ತಿಂಗಳಿಗೊಮ್ಮೆ ತೆಗೆದು ನೋಡುತ್ತಿದ್ದ. ನಾಲ್ಕು ಮಳೆಗಾಲ ಕಳೆದವು. ಅಗಸೆ ಎಣ್ಣೆ, ರಾಳ, ಜೇನುಮೇಣ ಕೂಡಿಸಿ ಕಾಯಿಸಿ ಬಳಿದ ಚೂರು ಮಾತ್ರ ತುಕ್ಕಿಲ್ಲದೆ, ಇಳಿಸಿದ ಹಾಗೆಯೇ ಮೇಲೆ ಬಂತು.

ಊರವರು ನಂಬಲಿಲ್ಲ. ಕಬ್ಬಿಣವನ್ನು ಕಾಪಾಡುವಂಥದ್ದು ವಿಷವಲ್ಲದೆ ಇರುತ್ತದೆಯೇ ಎಂದರು. ಅಷ್ಟು ಸಾಧುವಾದರೆ ಒಗ್ಗರಣೆಗೆ ಹಾಕಿಕೋ ಎಂದು ನಕ್ಕರು. ಕಮ್ಮಾರ ಎಲ್ಲರೆದುರು ಲೇಪವನ್ನು ಬೆರಳಿನಿಂದ ತೆಗೆದು ನೆಕ್ಕಿದ. ಉಳಿದದ್ದನ್ನು ಅಣ್ಣನ ಒಡೆದ ಹಿಮ್ಮಡಿಗೆ ಸವರಿದ. ಜನ ಒಪ್ಪಿದರು. ಅವನು ಸರಪಳಿಗೆಲ್ಲ ಹೊಸ ಲೇಪ ಬಳಿದ.

ಎರಡೇ ತಿಂಗಳಲ್ಲಿ, ಈ ದಡದಲ್ಲಿ ಸರಪಳಿ ಬಿಗಿದಿದ್ದ ಕಲ್ಲುಕಂಬದ ಬಳಿಯ ಕೊಂಡಿಗಳು ಬೋಳಾದವು. ದೋಣಿಗೆ ಕಾಯುವವರು ಲೇಪವನ್ನು ಕೆರೆದು ತಮ್ಮ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದರು. ಕಮ್ಮಾರ ಬೇಡವೆಂದು ಕೈಮುಗಿದ. ಕಾಲು ಚಾಚಿ ಕೂತಿದ್ದ ಮುದುಕಿಯೊಬ್ಬಳು ಹೇಳಿದಳು: “ನೆಕ್ಕಿ ತೋರಿಸಿದವನು ನೀನೇ ಅಲ್ಲವೇನಪ್ಪ? ನನ್ನ ಒಂದು ಬೆರಳಿಗೆ ನಿನ್ನ ಸರಪಳಿ ಸವೆದುಹೋಗುತ್ತದೆಯೇ?”

ಅವನು ಮತ್ತೆ ಬಳಿದ. ಹೊಸದು ಮೆತ್ತಗಿದೆಯೆಂದು ಜನ ಇನ್ನಷ್ಟು ತೆಗೆದರು. ಹೀಗೆಯೇ ಮೂರು ವರ್ಷ ನಡೆಯಿತು. ಬೋಳು ಕೊಂಡಿಗಳಿಂದ ತುಕ್ಕು ಹಾಳೆ ಹಾಳೆಯಾಗಿ ಏಳತೊಡಗಿತು. ದೋಣಿ ನಿಲ್ಲಿಸಿ ಎಂದರೆ ಯಾರೂ ಕೇಳಲಿಲ್ಲ. ಕಮ್ಮಾರ ಹೊಸ ಕೊಂಡಿಗಳನ್ನು ಬಡಿಯಲು ಕೂತ. ಅವು ಮುಗಿಯುವ ಮೊದಲೇ ಹೊಳೆ ತುಂಬಿತು. ಕುಲುಮೆಯಲ್ಲಿ ಮುಳುಗಿದ್ದ ಅವನಿಗೆ ಹೇಳದೆ ಅಣ್ಣ ಆಚೆ ದಡದ ವೈದ್ಯನಲ್ಲಿಗೆ ಹೊರಟ.

ಕಂಬದ ಬಳಿ ಕೊಂಡಿ ಕಡಿಯಿತು. ದೋಣಿ ಮಗುಚಿತು. ಆಚೆ ದಡದಲ್ಲಿ ಸರಪಳಿಯನ್ನು ಕೈಗೆಟುಕದ ಬಂಡೆಗೆ ಬಿಗಿದಿದ್ದರು. ಅಲ್ಲಿ ಲೇಪ ಹಾಗೆಯೇ ಇತ್ತು, ಕಬ್ಬಿಣ ಗಟ್ಟಿಯಾಗಿತ್ತು. ಏಳು ಜನ ಅದನ್ನು ಹಿಡಿದು ಬದುಕಿಕೊಂಡರು. ಅಣ್ಣನ ಕೈಗಳಿಗೆ ಹಿಡಿಯುವ ಶಕ್ತಿ ಇರಲಿಲ್ಲ.

ಮಳೆ ನಿಂತ ಮೇಲೆ ಕಮ್ಮಾರ ಹೊಸ ಕೊಂಡಿಗಳನ್ನು ಕೂಡಿಸಿದ. ಅಟ್ಟದ ಮೇಲಿದ್ದ ಅಣ್ಣನ ಬಣ್ಣದ ಮಡಕೆಯನ್ನು ಇಳಿಸಿದ. ಸರಪಳಿ ಮತ್ತೆ ಕೆಂಪಾಯಿತು.

ಶಿಷ್ಯ ಕೇಳಿದ: “ಆಮೇಲೆ ಯಾರೂ ಬೆರಳು ಹಾಕಲಿಲ್ಲವೇ?”

ಗುರುಗಳು ಹೇಳಿದರು: “ಬಳಿಯುವವನೊಬ್ಬನನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಮುಟ್ಟಲಿಲ್ಲ.”